ನನ್ನ ಮೂಗಿನ ಮಹಾ ಆಪರೇಷನ್

“ಮೂಗಿಗೆ ಆಪರೇಷನ್ ಮಾಡಿಸಿಕೊಂಡೇ ತೀರ್ತೀನಿ!”

ಭಾನುವಾರ ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ನಾನು ಹೀಗೆ ಘೋಷಿಸಿದೆ. ಇಂಥ ಘೋಷಣೆಗೆ ಮನೆ ನಡುಗಬೇಕಿತ್ತು. ನಡುಗಿದ್ದು ಲೋಟ ಮಾತ್ರ! ಹೆಂಡತಿ ಪೇಪರಿನಿಂದ ಕಣ್ಣೆತ್ತಲಿಲ್ಲ. ಕಿಟಕಿಯ ಪಕ್ಕ ಕೂತು ಹತ್ತಿ ನೂಲಿನಲ್ಲಿ ಏನೋ ಹೆಣೆಯುತ್ತಿದ್ದ ಅವಳ ತಾಯಿ, ಅಂದರೆ ನನ್ನ ಅತ್ತೆ, ಕೈಯಲ್ಲಿದ್ದ ಸಾಲು ಮುಗಿಸಿ ಸಾವಕಾಶವಾಗಿ ಕೇಳಿದರು.

“ಯಾರ ಮೂಗಿಗೆ?”

“ನನ್ನ ಮೂಗಿಗೇ ಅತ್ತೆ!”

“ಹಾಗಾದ್ರೆ ಪರವಾಗಿಲ್ಲ,” ಎಂದು ಮುಂದಿನ ಸಾಲು ಶುರು ಮಾಡಿದರು.

ನಾನು ಬಿಡಲಿಲ್ಲ. ಎದ್ದು ನಿಂತೆ. “ಇಪ್ಪತ್ತೆರಡು ವರ್ಷ ಸಹಿಸಿದ್ದೀನಿ. ಇನ್ನು ಸಾಕು! ಕೊಯ್ಯಲಿ, ಕೊರೀಲಿ, ಕೆತ್ತಲಿ. ತಲೆ ಮೇಲೆ ದೊಡ್ಡ ದೀಪ, ಸುತ್ತ ಮುಖಗವುಸು ಹಾಕಿಕೊಂಡ ಎಂಟು ಜನ, ಮಧ್ಯ ನಾನು! ಎದ್ದು ಬಂದ ಮೇಲೆ ಈ ಮೂಗಿಂದ ಒಂದು ಸೀನು ಹೊರಗೆ ಬಂದ್ರೆ ಹೆಸರು ಬದಲಾಯಿಸ್ಕೋತೀನಿ!”

“ಮೂಗಿನ ಹೆಸರಾ, ನಿಮ್ಮ ಹೆಸರಾ?” ಎಂದಳು ಹೆಂಡತಿ, ಪೇಪರಿನ ಹಿಂದಿನಿಂದ.

ಓದುಗರೇ, ಮುಂದೆ ಹೋಗುವ ಮೊದಲು ನಿಮಗೆ ನನ್ನ ಮೂಗಿನ ಪರಿಚಯ ಮಾಡಿಕೊಡುವುದು ನನ್ನ ಕರ್ತವ್ಯ. ಹೊರಗಿನಿಂದ ನೋಡಿದರೆ ಸಾಧಾರಣ ಮೂಗು. ಸ್ವಲ್ಪ ಉದಾರವಾದ ಅಳತೆ, ಅಷ್ಟೆ. ಒಳಗೆ ಮಾತ್ರ ವರ್ಷದ ಹನ್ನೆರಡು ತಿಂಗಳೂ ಜಾತ್ರೆ! ಬೆಳಿಗ್ಗೆ ಎದ್ದ ಕೂಡಲೇ ಸೋರಲು ಶುರು, ಮಧ್ಯಾಹ್ನದ ಹೊತ್ತಿಗೆ ಕಟ್ಟಿ ಕೂರುತ್ತದೆ, ಸಂಜೆ ಮತ್ತೆ ಸೋರುತ್ತದೆ. ಸೀನು ಬಂದರೆ ಒಂದಕ್ಕೆ ನಿಲ್ಲುವ ಜಾಯಮಾನವಲ್ಲ, ಲೆಕ್ಕವಿಟ್ಟಂತೆ ಏಳು. ಮೊದಲನೆಯದಕ್ಕೆ ಬೆಕ್ಕು ಓಡುತ್ತದೆ, ಎರಡನೆಯದಕ್ಕೆ ಎದುರು ಮನೆಯವರು ಕಿಟಕಿ ಹಾಕುತ್ತಾರೆ, ಏಳನೆಯದು ಮುಗಿಯುವ ಹೊತ್ತಿಗೆ ನಾನು ಯಾವ ವಿಷಯ ಮಾತಾಡುತ್ತಿದ್ದೆನೆಂದು ನನಗೇ ಮರೆತಿರುತ್ತದೆ. ವಾಸನೆಯ ಸಂಗತಿಯಂತೂ ಕೇಳಲೇಬೇಡಿ. ಮಲ್ಲಿಗೆಯೂ ಸೀಮೆಎಣ್ಣೆಯೂ ನನಗೆ ಒಂದೇ.

ಇಂಥ ಮೂಗು ಇಟ್ಟುಕೊಂಡವನು ಲಾರಿ ಓಡಿಸಬಹುದಿತ್ತು, ಕಲ್ಲು ಒಡೆಯಬಹುದಿತ್ತು, ಬಯಲಿನಲ್ಲಿ ಕಹಳೆ ಊದಬಹುದಿತ್ತು. ನಾನು ಹಿಡಿದ ಕಸುಬು ಗಡಿಯಾರ ರಿಪೇರಿ!

ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಒಂದು ಬೆಂಚು, ಅದರ ಮೇಲೆ ಹಸಿರು ಉಣ್ಣೆಯ ಹಾಸು, ಬಲಗಣ್ಣಿಗೆ ಕಚ್ಚಿಸಿಕೊಳ್ಳುವ ಪುಟ್ಟ ಭೂತಗನ್ನಡಿ, ಸೂಜಿಯಂಥ ಮೊನೆಯ ಚಿಮಟ. ಕೆಲಸ ಮಾಡುವಾಗ ಕಣ್ಣು ಗಡಿಯಾರದಿಂದ ಎರಡು ಬೆರಳಿನ ದೂರದಲ್ಲಿ ಇರಬೇಕು. ಕಣ್ಣು ಹೋದಲ್ಲಿಗೆ ಮೂಗೂ ಜತೆಗೇ ಬರುತ್ತದಲ್ಲ! ಕಣ್ಣಿಗಿಂತ ಒಂದು ಬೆರಳು ಮುಂದೆಯೇ ಬರುತ್ತದೆ. ಬಿಚ್ಚಿಟ್ಟ ಅರವತ್ತು ಚೂರುಗಳ ಮೇಲೆ ನನ್ನ ಏಳು ಸೀನುಗಳು ಬಿದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ನೆಲದ ಮೇಲೆ ಹುಡುಕಾಟ. ಬಹಳಷ್ಟು ಚೂರುಗಳು ಸಿಗುತ್ತವೆ. ಸಿಗದೆ ಹೋದರೆ ಗಿರಾಕಿಗೆ ಹೇಳಲು ನನ್ನ ಹತ್ತಿರ ಒಂದು ಮಾತು ಸದಾ ಸಿದ್ಧವಾಗಿರುತ್ತದೆ: “ಪಾರ್ಟು ಹೊರಗಿಂದ ಬರಬೇಕು ಸ್ವಾಮಿ.” ಹೊರಗಿಂದ ಎಂದರೆ ಎಲ್ಲಿಂದ ಎಂದು ಇವತ್ತಿನ ತನಕ ಯಾರೂ ಕೇಳಿಲ್ಲ. ಹಡಗಿನಲ್ಲೋ ವಿಮಾನದಲ್ಲೋ ಬರುತ್ತದೆಂದು ಅವರು ಗೌರವದಿಂದ ತಲೆಯಾಡಿಸಿ ಹೋಗುತ್ತಾರೆ. ಬೆಂಚಿನ ಕೆಳಗಿಂದ ಬರಬೇಕು ಎಂಬುದು ನನಗೊಬ್ಬನಿಗೇ ಗೊತ್ತು! ನಿವೃತ್ತ ಲೆಕ್ಕದ ಮೇಷ್ಟ್ರೊಬ್ಬರು ಪ್ರತಿ ಶನಿವಾರ ಹತ್ತು ಗಂಟೆಗೆ ಕೊಡೆ ಹಿಡಿದು ಬರುತ್ತಾರೆ. “ಬಂತಾ?” ಎನ್ನುತ್ತಾರೆ. “ಹೊರಗಿಂದ ಬರಬೇಕು ಮೇಷ್ಟ್ರೇ,” ಎನ್ನುತ್ತೇನೆ. “ಸರಿ,” ಎಂದು ಹೋಗುತ್ತಾರೆ. ಎರಡು ವರ್ಷದಿಂದ ನಮ್ಮಿಬ್ಬರ ಸಂಭಾಷಣೆ ಇಷ್ಟೇ. ಒಳ್ಳೆಯ ಮನುಷ್ಯ.

ಹಾಗಾದರೆ ಇಪ್ಪತ್ತೆರಡು ವರ್ಷ ಇಲ್ಲದ ಶೌರ್ಯ ಆ ಭಾನುವಾರ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಕೇಳಿ. ನಾಚಿಕೆ ಬಿಟ್ಟು ಹೇಳುತ್ತೇನೆ. ಅದು ಶೌರ್ಯವೇ ಅಲ್ಲ, ತಪ್ಪಿಸಿಕೊಳ್ಳುವ ಉಪಾಯ!

ನಮ್ಮ ಮಾವನವರದೊಂದು ಜೇಬುಗಡಿಯಾರ ಇತ್ತು. ಹಳೆಯ ಕಾಲದ್ದು, ಅಂಗೈ ತುಂಬುವಷ್ಟು ದೊಡ್ಡದು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಅಂದಿನಿಂದ ಅತ್ತೆ ನಮ್ಮ ಜತೆಗಿದ್ದಾರೆ, ಗಡಿಯಾರ ಅವರ ಹಾಸಿಗೆಯ ಪಕ್ಕದ ಮೊಳೆಯಲ್ಲಿ. ಬೆಳಿಗ್ಗೆ ಎದ್ದು ಮುಖ ತೊಳೆದ ಕೂಡಲೇ ಅದಕ್ಕೆ ಕೀಲಿ ಕೊಟ್ಟು, ಕಿವಿಗೆ ಹಿಡಿದು, ಒಂದು ನಿಮಿಷ ಕಣ್ಣು ಮುಚ್ಚಿ ಕೇಳಿ, ವಾಪಸ್ಸು ನೇತುಹಾಕುತ್ತಾರೆ. ಗಂಟೆ ನೋಡುವುದೇ ಇಲ್ಲ. ಗಂಟೆ ಬೇಕಾದರೆ ಅಡುಗೆಮನೆಯ ಗಡಿಯಾರ ನೋಡುತ್ತಾರೆ.

ಒಂದು ತಿಂಗಳ ಕೆಳಗೆ ಅದು ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳತೊಡಗಿತು. ಯಾರೂ ದೂರಲಿಲ್ಲ. ನನಗೇ ಉತ್ಸಾಹ ಉಕ್ಕಿ, “ಕೊಡಿ ಅತ್ತೆ, ಒಂದು ಸಲ ಶುದ್ಧ ಮಾಡಿದ್ರೆ ಇನ್ನೂ ಐವತ್ತು ವರ್ಷ ಓಡುತ್ತೆ,” ಎಂದು ಇಸಿದುಕೊಂಡೆ. ಮನೆಯಲ್ಲೇ ಗಡಿಯಾರದ ಪಂಡಿತನಿದ್ದಾನೆಂದು ತೋರಿಸಬೇಡವೇ?

ಬಿಚ್ಚಿದೆ. ತೊಳೆದೆ. ಒಂದೊಂದೇ ಚೂರನ್ನು ಒರೆಸಿ ಹಸಿರು ಹಾಸಿನ ಮೇಲೆ ಸಾಲಾಗಿ ಇಟ್ಟೆ. ಕೊನೆಯಲ್ಲಿ ಕಲ್ಲು. ಗಡಿಯಾರದ ಚಕ್ರಗಳು ತಿರುಗುವುದು ಚಿಕ್ಕಚಿಕ್ಕ ಕೆಂಪು ಕಲ್ಲುಗಳ ಮೇಲೆ. ಇದು ಹಿತ್ತಾಳೆಯ ಉಂಗುರದಲ್ಲಿ ಕೂರಿಸಿದ, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಕಲ್ಲು. ಅದರಂಥದ್ದು ಈಗ ಎಲ್ಲೂ ಸಿಗುವುದಿಲ್ಲ. ಚಿಮಟದಲ್ಲಿ ಹಿಡಿದು ಬೆಳಕಿಗೆ ಎತ್ತಿ, ಬಿರುಕಿದೆಯೋ ಎಂದು ಮೂಗಿನ ತುದಿಗೇ ತಂದು ನೋಡಿದೆ. ಆಗ ಬಂತು! ಎದೆ ಉಬ್ಬಿತು, ಬೆನ್ನು ನೆಟ್ಟಗಾಯಿತು, ಊರಿನ ಗಾಳಿಯೆಲ್ಲ ನನ್ನೊಳಗೆ ನುಗ್ಗಿದ ಹಾಗೆ ‘ಆ… ಆ… ಆ…’ ಎಂದು ಒಂದು ದೊಡ್ಡ ಎಳೆತ. ಆಮೇಲೆ ಕ್ಷೀ! ಹೀಗೆ ಏಳು.

ಕಣ್ಣು ಬಿಟ್ಟಾಗ ಚಿಮಟ ಖಾಲಿ.

ಮೂರು ದಿನ ನೆಲದ ಮೇಲೆ ಅಂಬೆಗಾಲಿಟ್ಟೆ. ಬೆಂಚಿನ ಕಾಲು ಎತ್ತಿದೆ, ಕಸದ ಬುಟ್ಟಿಯನ್ನು ಜರಡಿ ಹಿಡಿದೆ, ಬೆಕ್ಕಿನ ಬಾಲವನ್ನು ಬಾಚಿದೆ. ಕಲ್ಲು ಇಲ್ಲ!

“ಏನ್ರೀ ಹುಡುಕ್ತಾ ಇದ್ದೀರಿ?” ಎಂದಳು ಹೆಂಡತಿ ಬಾಗಿಲಲ್ಲಿ ನಿಂತು.

“ಇಲ್ಲ, ವ್ಯಾಯಾಮ. ಸೊಂಟಕ್ಕೆ ಒಳ್ಳೇದು.”

ಇಲ್ಲಿ ನನ್ನ ಹೆಂಡತಿಯ ಕೆಲಸ ಏನೆಂದು ಹೇಳಿಬಿಡಬೇಕು. ಬಸ್ ಡಿಪೋದಲ್ಲಿ, ಕಳೆದು ಸಿಕ್ಕ ವಸ್ತುಗಳ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ದಿನಕ್ಕೆ ನೂರು ಜನ ಬಂದು “ಕಳೆದುಹೋಯ್ತು” ಎಂದು ಅವಳೆದುರು ನಿಲ್ಲುತ್ತಾರೆ. ಮುಖ ನೋಡಿಯೇ ಇವನು ಏನೋ ಕಳೆದುಕೊಂಡಿದ್ದಾನೆ ಎಂದು ಹೇಳಬಲ್ಲಳು. ಕೊಡೆಯೋ, ಹಲ್ಲಿನ ಸೆಟ್ಟೋ ಎಂದು ಕೂಡ ಹೇಳಬಲ್ಲಳು! “ಹದಿನೇಳು ವರ್ಷದ ಅನುಭವದಲ್ಲಿ ಹೇಳ್ತೀನಿ, ಕಳೆದ ವಸ್ತು ನೂರಕ್ಕೆ ಎಂಬತ್ತು ಸಲ ಕಳೆದುಕೊಂಡವರ ಮೈಮೇಲೇ ಇರುತ್ತೆ,” ಎಂಬುದು ಅವಳ ಖಾಯಂ ಮಾತು. ಇಂಥವಳೆದುರು ವ್ಯಾಯಾಮ ಎಂದೆ ನಾನು!

“ಅಮ್ಮನ ಗಡಿಯಾರ ಏನಾಯ್ತು?”

ಬಾಯಿ ತಾನಾಗಿಯೇ ಹೇಳಿಬಿಟ್ಟಿತು. “ಪಾರ್ಟು ಹೊರಗಿಂದ ಬರಬೇಕು.”

ಅವಳು ನನ್ನನ್ನು ಒಂದು ಕ್ಷಣ ನೋಡಿ ಒಳಗೆ ಹೋದಳು. ಅವಳ ನೋಟಕ್ಕೆ ನಾನು ಹೆದರಲಿಲ್ಲ, ಅದು ಅಭ್ಯಾಸವಾಗಿದೆ. ನಾನು ಹೆದರಿದ್ದು ಮಾರನೆಯ ಬೆಳಿಗ್ಗೆ. ಅತ್ತೆ ಮುಖ ತೊಳೆದು ಬಂದರು, ಗೋಡೆಯ ಹತ್ತಿರ ಹೋದರು, ಕೈ ಎತ್ತಿದರು, ಖಾಲಿ ಮೊಳೆಯನ್ನು ಮುಟ್ಟಿ ನೋಡಿ ಕೈ ಇಳಿಸಿದರು. ಅದರ ಮರುದಿನವೂ ಹಾಗೆಯೇ. ಮೂರು ವಾರ, ದಿನಾ ಬೆಳಿಗ್ಗೆ ನಾನು ಆ ಹೊತ್ತಿಗೆ ಸರಿಯಾಗಿ ಬಚ್ಚಲುಮನೆ ಸೇರಿಕೊಂಡು ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದೆ.

ಇದೇ ಮೂರು ವಾರದಲ್ಲಿ ಮನೆಗೆ ಇನ್ನೊಂದು ಪೀಡೆ ವಕ್ಕರಿಸಿತು. ವಾಸನೆ! ನನಗೆ ಬರುವ ಮಾತೇ ಇಲ್ಲವಲ್ಲ, ಹೆಂಡತಿಗೂ ಅತ್ತೆಗೂ ಬರತೊಡಗಿತು. ಏನೋ ಕೊಳೆತ ವಾಸನೆ. ಅಡುಗೆಮನೆಯ ತೊಟ್ಟಿ ತಿಕ್ಕಿದರು, ಫ್ರಿಜ್ಜು ತೊಳೆದರು, ಬೆಕ್ಕಿಗೆ ಎರಡು ಸಲ ಸ್ನಾನ ಮಾಡಿಸಿದರು. ಬೆಕ್ಕು ಮನೆ ಬಿಟ್ಟು ಹೋಯಿತು, ವಾಸನೆ ಹೋಗಲಿಲ್ಲ. ಕೊನೆಗೆ ನಲ್ಲಿ ರಿಪೇರಿಯವನನ್ನು ಕರೆಸಿದೆವು. ಅವನು ಮನೆಯ ಪೈಪುಗಳನ್ನೆಲ್ಲ ಬಿಚ್ಚಿ, ಮೂಸಿ, ತಿರುಗಿ ಜೋಡಿಸಿ, ಸ್ವಲ್ಪ ಹೊತ್ತು ಯೋಚನೆ ಮಾಡಿ ಹೆಂಡತಿಯನ್ನು ಪಕ್ಕಕ್ಕೆ ಕರೆದ.

“ಅಮ್ಮಾ, ತಪ್ಪು ತಿಳ್ಕೋಬೇಡಿ. ಪೈಪಲ್ಲೇನೂ ಇಲ್ಲ. ಯಜಮಾನ್ರು ಹೊರಗೆ ಹೋದಾಗ ವಾಸನೇನೂ ಹೊರಗೆ ಹೋಗುತ್ತೆ, ಅವರು ಬಂದ್ರೆ ಅದೂ ಬರುತ್ತೆ.”

ನನ್ನ ಮನೆಯಲ್ಲಿ ನಿಂತು ನನಗೇ ಇಂಥ ಮಾತು! ನಾನು ದಿನಕ್ಕೆ ಎರಡು ಸಲ ಸ್ನಾನ ಮಾಡತೊಡಗಿದೆ. ಸಾಬೂನು ಬದಲಾಯಿಸಿದೆ. ಊಟಕ್ಕೆ ಕೂತರೆ ಹೆಂಡತಿ ಮಾತ್ರ ಫ್ಯಾನಿನ ದಿಕ್ಕು ತಿರುಗಿಸುತ್ತಿದ್ದಳು.

ಹೀಗೆ ಗಡಿಯಾರದ ಕಡೆಯಿಂದಲೂ ವಾಸನೆಯ ಕಡೆಯಿಂದಲೂ ಮುತ್ತಿಗೆ ಬಿದ್ದ ಮೇಲೆ ಶನಿವಾರ ಸಂಜೆ ಅತ್ತೆ ಮೆಲ್ಲಗೆ ಕೇಳಿದರು. “ಆ ಪಾರ್ಟು ಬರೋಕೆ ಇನ್ನೂ ಎಷ್ಟು ದಿನ ಆಗಬಹುದು?” ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ಆಪರೇಷನ್! ‘ಈ ಮೂಗು ಇಟ್ಟುಕೊಂಡು ಮಾವನವರ ಗಡಿಯಾರ ಮುಟ್ಟೋಕೆ ಮನಸ್ಸು ಬರಲ್ಲ ಅತ್ತೆ. ಮೊದಲು ಮೂಗು ಸರಿಯಾಗಲಿ, ಆಮೇಲೆ ಗಡಿಯಾರ.’ ಎಂಥ ಘನವಾದ ಕಾರಣ! ದೊಡ್ಡ ಡಾಕ್ಟರ ಹತ್ತಿರ ಆಪರೇಷನ್‌ಗೆ ಸರದಿ ಸಿಗಲು ಆರು ತಿಂಗಳಾದರೂ ಬೇಕು. ಅಷ್ಟರಲ್ಲಿ ಹಳೆಯ ಗಡಿಯಾರಗಳ ರಾಶಿಯಲ್ಲಿ ಎಲ್ಲಾದರೂ ಅಂಥದೇ ಕಲ್ಲು ಹುಡುಕಿ ಕೂರಿಸಿದರಾಯಿತು. ಸರದಿ ಬರುವ ಹೊತ್ತಿಗೆ ಮೂಗು ತಾನಾಗಿಯೇ ವಾಸಿಯಾಯಿತು ಎಂದರಾಯಿತು. ಸೂಜಿ ಕಂಡರೆ ಬೆವರುವ ನಾನು ನಿಜವಾಗಿ ಕೊಯ್ಸಿಕೊಳ್ಳುತ್ತೇನೆಯೇ?

ಭಾನುವಾರದ ಘೋಷಣೆ ಬಂದದ್ದು ಹೀಗೆ. ನನ್ನ ಗಣಿತದಲ್ಲಿ ಬಿಟ್ಟುಹೋದದ್ದು ಒಂದೇ ಅಂಕಿ. ಹೆಂಡತಿ! ಅವಳು ಪೇಪರು ಮಡಿಸಿಟ್ಟು, ಫೋನಿನಲ್ಲಿ ಎರಡು ಮಾತಾಡಿ ಬಂದಳು.

“ನಾಳೆ ಹನ್ನೊಂದು ಗಂಟೆಗೆ ಬರೋಕೆ ಹೇಳಿದ್ದಾರೆ.”

“ಯಾರು?”

“ಮೂಗಿನ ಡಾಕ್ಟ್ರು. ಹೋದ ವರ್ಷ ಅವರ ಬ್ಯಾಗು ನಾಲ್ಕನೇ ನಂಬರ್ ಬಸ್ಸಲ್ಲಿ ಬಿಟ್ಟುಹೋಗಿತ್ತು. ನಾನೇ ಹುಡುಕಿಸಿ ಕೊಟ್ಟಿದ್ದೆ. ನನ್ನ ಮಾತು ತೆಗೆದುಹಾಕಲ್ಲ.”

“ನಾ… ನಾಳೇನಾ? ಸರದಿ?”

“ಏನೂ ಬೇಡ ಅಂದ್ರು. ಯಾಕ್ರೀ, ಬೆವರ್ತಾ ಇದ್ದೀರಾ?”

“ಸಂತೋಷಕ್ಕೆ,” ಎಂದೆ.

ಆಡಿದ ಮಾತು ನುಂಗುವ ಹಾಗಿಲ್ಲ. ಅಂಗಡಿಯ ಬಾಗಿಲಿಗೆ ದಪ್ಪ ಅಕ್ಷರದ ಹಲಗೆ ತೂಗುಹಾಕಿದೆ: ‘ಮಾಲೀಕರ ಮೂಗಿನ ಶಸ್ತ್ರಚಿಕಿತ್ಸೆಯ ನಿಮಿತ್ತ ಹದಿನೈದು ದಿನ ಮುಚ್ಚಿದೆ.’ ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ! ಪಕ್ಕದ ಅಂಗಡಿಯ ದರ್ಜಿ ಬಂದು ನನ್ನ ಮೂಗನ್ನು ಕೊನೆಯ ಸಲ ನೋಡುವವನ ಹಾಗೆ ನೋಡಿ ಹೋದ. ಚೀಲಕ್ಕೆ ಎರಡು ಪಾಯಿಜಾಮ, ಮೂರು ಟವೆಲ್, ಆಪತ್ತಿಗೆ ಇರಲೆಂದು ನನ್ನ ಚಿಮಟದ ಡಬ್ಬಿ ತುಂಬಿಕೊಂಡೆ. ಆ ಡಬ್ಬಿ ಇಲ್ಲದೆ ನಾನು ಮನೆ ಬಿಟ್ಟು ಹೊರಡುವವನಲ್ಲ. ಅತ್ತೆ ಬೆಳಗಿನ ಹೆಣಿಗೆ ಬದಿಗಿಟ್ಟು ಹೊಸದಾಗಿ ಹೆಣೆದ, ಬಿಳಿ ನೂಲಿನದೊಂದು ಚೀಲದಂಥ ವಸ್ತುವನ್ನು ನನ್ನ ಕೈಗಿಟ್ಟರು. ಎರಡೂ ಕಡೆ ದಾರ, ಕಿವಿಗೆ ಸಿಕ್ಕಿಸಿಕೊಳ್ಳಲು.

“ಏನತ್ತೆ ಇದು?”

“ಮೂಗಿಗೆ ಟೋಪಿ. ಕೊಯ್ದ ಮೇಲೆ ಗಾಳಿ ತಾಗಬಾರದಲ್ವಾ?”

ಸಣ್ಣ ಮೊತ್ತದ ದ್ರೋಹವಾದರೆ ಮನುಷ್ಯ ಹೇಗೋ ಸಹಿಸಿಕೊಳ್ಳುತ್ತಾನೆ. ಆ ಟೋಪಿಯನ್ನು ಕೈಯಲ್ಲಿ ಹಿಡಿದಾಗ ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ನಾನು ಅವರ ಗಡಿಯಾರದ ಕಲ್ಲು ಕಳೆದಿದ್ದೆ, ಅವರು ನನ್ನ ಮೂಗಿಗೆ ಟೋಪಿ ಹೆಣೆದಿದ್ದರು.

ಸೋಮವಾರ ಹನ್ನೊಂದಕ್ಕೆ ಮೂವರೂ ಡಾಕ್ಟರ ಕೋಣೆಯಲ್ಲಿ. ಅತ್ತೆ, “ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡಲಿ” ಎಂದು ಹೊರಟುಬಂದಿದ್ದರು. ಚಿಕ್ಕ ಕೋಣೆ. ಹಿಂದಕ್ಕೆ ಬಾಗುವ ಕುರ್ಚಿ, ಟ್ರೇ ತುಂಬ ಸ್ಟೀಲು ಸಾಮಾನು, ಗೋಡೆಯ ಮೇಲೆ ಟೀವಿಯಂಥ ಪರದೆ. ಹಣೆಗೆ ದೀಪ ಕಟ್ಟಿಕೊಂಡ ಡಾಕ್ಟರು ನನ್ನ ಚೀಲ ನೋಡಿದರು.

“ಎಲ್ಲಿಗೆ ಪ್ರಯಾಣ?”

“ಆಪರೇಷನ್‌ಗೆ ಡಾಕ್ಟ್ರೇ!”

“ಆಪರೇಷನ್ ಬೇಕು ಅಂತ ಯಾರು ಹೇಳಿದ್ರು?”

“ನಾನೇ ಹೇಳಿದೆ.”

“ಅದು ಸಾಧಾರಣವಾಗಿ ನಾನು ಹೇಳೋ ಮಾತು,” ಎಂದು ನಕ್ಕು, ವಿಚಾರಣೆ ಶುರು ಮಾಡಿದರು. ಮೂಗಿಗೆ ಸ್ಪ್ರೇ ಹೊಡ್ಕೊಂಡಿದ್ದೀರಾ? ಎರಡು ದಿನ. ಉಪ್ಪುನೀರಲ್ಲಿ ತೊಳ್ಕೊಂಡಿದ್ದೀರಾ? ಇಲ್ಲ. ಮಾತ್ರೆ? ಮರೆತುಹೋಗುತ್ತೆ. ಏನು ಕೆಲಸ, ಎಲ್ಲಿ ಕೂತು ಮಾಡ್ತೀರಾ? ಬೆಂಚು, ಹಸಿರು ಉಣ್ಣೆಯ ಹಾಸು. ಹಾಸು ತೊಳೆದು ಎಷ್ಟು ದಿನವಾಯ್ತು?

ನಾನು ಚಾವಣಿ ನೋಡಿದೆ. ಹೆಂಡತಿ ಹೇಳಿದಳು. “ಇಪ್ಪತ್ತೆರಡು ವರ್ಷ.”

“ನಿಮಗೆ ಈ ನೆಗಡಿ ಶುರುವಾಗಿ?”

“ಇಪ್ಪತ್ತೆರಡು ವರ್ಷ,” ಎಂದಳು ಅವಳೇ.

ಡಾಕ್ಟರು ಕೈ ಕಟ್ಟಿಕೊಂಡು ಕೂತರು. “ನೋಡಿ, ನಿಮ್ಮದು ಧೂಳಿನ ಅಲರ್ಜಿ. ಮೂಗಿನ ಒಳಗೆ ಮಾಂಸದ ಮಡಿಕೆಗಳಿರುತ್ತವೆ, ಅವು ಊದಿಕೊಂಡಿವೆ. ಔಷಧಕ್ಕೆ ಬಗ್ಗದೆ ಹೋದ್ರೆ ಅವನ್ನ ಕುಗ್ಗಿಸಬಹುದು, ಒಳಗಿನ ಗೋಡೆ ಸೊಟ್ಟಗಿದ್ರೆ ನೆಟ್ಟಗೆ ಮಾಡಬಹುದು, ಉಸಿರಾಟ ಸಲೀಸಾಗುತ್ತೆ. ಅಷ್ಟೇ. ಅಲರ್ಜಿ ಕೊಯ್ದು ತೆಗೆಯೋ ಕತ್ತರಿ ನನ್ನ ಹತ್ರ ಇಲ್ಲ. ಮನೆ ತುಂಬ ಹೊಗೆ ಅಂತ ಬಾಗಿಲು ಅಗಲ ಮಾಡಿಸಿದ್ರೆ ಓಡಾಡೋಕೆ ಅನುಕೂಲ. ಒಲೆ ಆರಿಸೋದು ಬೇರೆ ಕೆಲಸ, ಅದನ್ನ ನೀವೇ ಮಾಡಬೇಕು.”

“ಅಂದ್ರೆ ಆಪರೇಷನ್ ಇಲ್ವಾ?”

“ಸದ್ಯಕ್ಕೆ ಇಲ್ಲ. ಸ್ಪ್ರೇ, ಉಪ್ಪುನೀರು, ಆ ಹಾಸು ಕಸದ ಬುಟ್ಟಿಗೆ. ಮೂರು ತಿಂಗಳು ಬಿಟ್ಟು ಬನ್ನಿ.”

ಒಂದು ಕಡೆ ಪ್ರಾಣ ಉಳಿಯಿತೆಂದು ಕುಣಿಯುವಷ್ಟು ಖುಷಿ. ಇನ್ನೊಂದು ಕಡೆ, ಅಯ್ಯೋ, ಮನೆಗೆ ಹೋದ ಕೂಡಲೇ ಗಡಿಯಾರ! ಹದಿನೈದು ದಿನದ ಹಲಗೆ! “ಸ್ವಲ್ಪವಾದ್ರೂ ಕೊಯ್ಯಿರಿ ಡಾಕ್ಟ್ರೇ!” ಎಂದು ಬೇಡಿಕೊಂಡೆ. ಆ ಕುರ್ಚಿಯಲ್ಲಿ ಕೂತು ಹೀಗೆ ಬೇಡಿಕೊಂಡ ಮೊದಲ ರೋಗಿ ನಾನೇ ಇರಬೇಕು.

“ಇರಿ, ಒಂದು ಕೇಳೋದು ಮರೆತೆ,” ಎಂದರು. “ಎರಡೂ ಕಡೆ ಸೋರುತ್ತಾ?”

“ಮೊದಲು ಎರಡೂ ಕಡೆ. ಈಗ ಮೂರು ವಾರದಿಂದ ಬಲಗಡೆ ಜಾಸ್ತಿ.”

ಡಾಕ್ಟರ ನಗು ನಿಂತಿತು. “ವಾಸನೆ ಏನಾದ್ರೂ?”

“ನನಗಂತೂ ಏನೂ—”

“ಇದೆ!” ಎಂದರು ಹೆಂಡತಿಯೂ ಅತ್ತೆಯೂ ಒಕ್ಕೊರಲಿನಿಂದ.

“ಒಂದೇ ಹೊಳ್ಳೆ, ಅದರಲ್ಲೂ ವಾಸನೆ. ಇಂಥದ್ದು ನಾನು ನೋಡೋದು ಎರಡು ಮೂರು ವರ್ಷದ ಮಕ್ಕಳಲ್ಲಿ. ಮೂಗಿಗೆ ಮಣಿ, ಬಟಾಣಿ ಏನಾದ್ರೂ ತುರುಕಿಕೊಂಡಿದ್ರಾ?”

“ಡಾಕ್ಟ್ರೇ, ನನಗೆ ನಲವತ್ತೊಂಬತ್ತು ವರ್ಷ!” ಎಂದು ಸೆಟೆದುಕೊಂಡೆ.

“ವಯಸ್ಸಿಗೂ ಮೂಗಿಗೂ ಸಂಬಂಧ ಇಲ್ಲ,” ಎಂದು ಏನೋ ಮರಗಟ್ಟಿಸುವ ಔಷಧ ಸಿಂಪಡಿಸಿ, ದೀಪವಿರುವ ಸಣ್ಣ ನಳಿಗೆಯನ್ನು ಬಲ ಹೊಳ್ಳೆಯೊಳಗೆ ತೂರಿಸಿದರು. ಗೋಡೆಯ ಪರದೆ ಬೆಳಗಿತು. ನನ್ನ ಮೂಗಿನ ಒಳಾಂಗಣ, ಇಡೀ ಗೋಡೆಯಷ್ಟು! ಕೆಂಪು ಗೋಡೆಗಳು, ಊದಿದ ಮಡಿಕೆಗಳು, ಹೇಳಬಾರದ ಪ್ರವಾಹಗಳು. ನಳಿಗೆ ಮುಂದೆ ಹೋಯಿತು, ಒಂದು ತಿರುವು ದಾಟಿತು, ನಿಂತಿತು.

ಮಡಿಕೆಯ ಸಂದಿಯಲ್ಲಿ ಏನೋ ಫಳ್ ಎಂದು ಹೊಳೆಯಿತು. ಹಿತ್ತಾಳೆಯ ಉಂಗುರ. ಮಧ್ಯದಲ್ಲಿ ಕೆಂಪು ಕಲ್ಲು.

ಪರದೆಯ ಮೇಲೆ ಅದು ಕುಂಬಳಕಾಯಿಯಷ್ಟು ದೊಡ್ಡದಾಗಿತ್ತು. ಗುರುತು ಸಿಗಲಿಲ್ಲ ಎಂದು ಹೇಳುವ ಅವಕಾಶವೂ ಉಳಿಯಲಿಲ್ಲ! ಆ ಮಹಾ ಸೀನಿಗೆ ಮೊದಲು ‘ಆ… ಆ… ಆ…’ ಎಂದು ಎಳೆದೆನಲ್ಲ, ಅದರಲ್ಲೇ ಒಳಗೆ ಹೋಗಿದೆ. ಆಮೇಲಿನ ಏಳು ಸೀನೂ ವ್ಯರ್ಥ. ಊದಿಕೊಂಡ ಮಡಿಕೆ ಅದನ್ನು ಭದ್ರವಾಗಿ ಹಿಡಿದಿಟ್ಟುಕೊಂಡಿದೆ. ನೆಲವನ್ನೆಲ್ಲ ಜಾಲಾಡಿದ ನಾನು ಮೂರು ವಾರ ಅದನ್ನು ಜತೆಯಲ್ಲೇ ಹೊತ್ತು ತಿರುಗಿದ್ದೆ.

ಹೆಂಡತಿ ಪರದೆಯನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

“ರೀ, ಪಾರ್ಟು ಎಲ್ಲಿಂದ ಬರಬೇಕು ಅಂದಿದ್ರಿ?”

ಮೂಗಿನಲ್ಲಿ ನಳಿಗೆ, ಗಂಟಲಲ್ಲಿ ಔಷಧದ ಕಹಿ. “ಹೊ… ಹೊರಗಿಂದ,” ಎಂದೆ.

“ಹ್ಞೂಂ. ಹೊರಗೆ ಬರಬೇಕು ಅಂತ ಹೇಳಬೇಕಿತ್ತು.”

ಡಾಕ್ಟರು ತಮ್ಮ ಇಕ್ಕಳ ಹಾಕಿದರು, ಜಾರಿತು. ಇನ್ನೊಂದು ಹಾಕಿದರು, ಅದು ಸಂದಿಯೊಳಗೆ ಹೋಗಲೇ ಇಲ್ಲ. “ಇನ್ನೂ ಸಣ್ಣ ಮೊನೆಯದು ಬೇಕಿತ್ತು,” ಎಂದು ಗೊಣಗಿದರು. ನಾನು ಮಾತಾಡುವ ಸ್ಥಿತಿಯಲ್ಲಿರಲಿಲ್ಲ, ಕೈಯಿಂದ ಚೀಲ ತೋರಿಸಿದೆ. ಹೆಂಡತಿ ಡಬ್ಬಿ ತೆಗೆದಳು. ಡಾಕ್ಟರು ನನ್ನ ಸೂಜಿಮೊನೆಯ ಚಿಮಟವನ್ನು ಬೆಳಕಿಗೆ ಹಿಡಿದು ಮೆಚ್ಚಿ, ನರ್ಸಿನ ಕೈಯಲ್ಲಿ ಕುದಿಸಿ ತರಿಸಿದರು. ನನ್ನ ಮೂಗಿನ ಮಹಾ ಆಪರೇಷನ್ ನಡೆದದ್ದು ನನ್ನದೇ ಚಿಮಟದಲ್ಲಿ!

ಕಲ್ಲು ಹೊಳ್ಳೆಯ ಬಾಗಿಲಿಗೆ ಬಂದಿತ್ತು, ಆಗ ನನ್ನೊಳಗೆ ಅದು ಶುರುವಾಯಿತು. ಎದೆ ಉಬ್ಬಿತು. ಬೆನ್ನು ನೆಟ್ಟಗಾಯಿತು. “ಆ… ಆ…”

“ಸೀನಬೇಡಿ!” ಎಂದು ಡಾಕ್ಟರು ಕಿರುಚಿದರು. “ಸೀನಬೇಡಿ!” ಎಂದು ನರ್ಸ್ ಕಿರುಚಿದಳು. ಅತ್ತೆ ಕಿರುಚಲಿಲ್ಲ. ಎದ್ದು ಬಂದು, ಹೆಬ್ಬೆರಳಿನಿಂದ ನನ್ನ ಮೇಲ್ತುಟಿಯನ್ನು ಒತ್ತಿ ಹಿಡಿದು, “ಸೀನಿದ್ರೆ ನೋಡಿ ಮತ್ತೆ!” ಎಂದರು. ಇಪ್ಪತ್ತೆರಡು ವರ್ಷ ಯಾರ ಮಾತೂ ಕೇಳದ ಸೀನು ಹೆದರಿ ಒಳಗೇ ಹಿಂದೆ ಸರಿಯಿತು. ಟಿಣ್ ಎಂದು ಕಲ್ಲು ಸ್ಟೀಲಿನ ಬಟ್ಟಲಿಗೆ ಬಿತ್ತು. ಗೋಡೆಯ ಗಡಿಯಾರ ನೋಡಿದೆ. ಚಿಮಟ ಒಳಗೆ ಹೋಗಿ ಹನ್ನೊಂದು ಸೆಕೆಂಡು. ಹದಿನೈದು ದಿನದ ರಜೆಗೆ ಹನ್ನೊಂದು ಸೆಕೆಂಡಿನ ಆಪರೇಷನ್!

ಅತ್ತೆ ಬಟ್ಟಲನ್ನು ಕೈಗೆತ್ತಿಕೊಂಡರು. “ಇದು ಅವರ ಗಡಿಯಾರದ್ದಾ?”

“ಹೌದು ಅತ್ತೆ,” ಎಂದೆ. ಹೇಳಿದೆ, ಎಲ್ಲವನ್ನೂ. ಸೀನು, ಹುಡುಕಾಟ, ಸುಳ್ಳು, ನಾಟಕದ ಆಪರೇಷನ್. ಹೇಳುವಾಗ ತಲೆ ಎತ್ತಲಾಗಲಿಲ್ಲ.

ಅವರು ಬಟ್ಟಲನ್ನು ಬೆಳಕಿನ ಕಡೆ ತಿರುಗಿಸಿದರು. “ಗಡಿಯಾರ ಕೆಟ್ಟೇಹೋಯ್ತು ಅಂತ ನಾನು ಎರಡನೇ ದಿನವೇ ಅಂದ್ಕೊಂಡಿದ್ದೆ,” ಎಂದರು. “ನೀವು ದಿನಾ ಬೆಳಿಗ್ಗೆ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ನಿಲ್ಲೋದು ಕೇಳಿಸ್ತಿತ್ತು. ಹೇಳೋಕಾಗದೆ ಒದ್ದಾಡ್ತಿದ್ದಾರೆ ಪಾಪ, ಕೇಳಿ ಯಾಕೆ ನೋಯಿಸಲಿ ಅಂತ ಸುಮ್ಮನಿದ್ದೆ. ಮೊನ್ನೆ ಮಾತ್ರ ತಡೆಯೋಕಾಗಲಿಲ್ಲ, ಕೇಳಿಬಿಟ್ಟೆ.”

ಬೈದಿದ್ದರೆ ಚೆನ್ನಾಗಿತ್ತು. ಕಣ್ಣಲ್ಲಿ ನೀರು ಬಂತು, ಮೂಗಲ್ಲೂ ಬಂತು. ಯಾವುದು ಅಳು, ಯಾವುದು ಅಲರ್ಜಿ ಎಂದು ಯಾರಿಗೂ ಗೊತ್ತಾಗದಿದ್ದದ್ದೊಂದೇ ಸಮಾಧಾನ.

ಅಷ್ಟರಲ್ಲಿ ಹೆಂಡತಿ ತನ್ನ ಕೈಚೀಲದಿಂದ ಡಿಪೋದ ಫಾರಮ್ಮು ತೆಗೆದು ಬರೆಯುತ್ತ ಕೂತಿದ್ದಳು. ಅದು ಈಗಲೂ ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ. ‘ವಸ್ತು: ಕೆಂಪು ಕಲ್ಲು, ಒಂದು. ಕಳೆದುಕೊಂಡವರು: ಗಂಡ. ಸಿಕ್ಕ ಸ್ಥಳ: ಗಂಡನ ಬಲ ಹೊಳ್ಳೆ. ವಸ್ತುವಿನ ಸ್ಥಿತಿ: ತೊಳೆಯಬೇಕು.’

ಮಾರನೆಯ ದಿನ ಹಸಿರು ಹಾಸು ಕಸಕ್ಕೆ ಹೋಯಿತು, ಬೆಂಚಿಗೆ ಬಿಳಿ ಗಾಜು ಬಂತು. ನಾನು ಉಪ್ಪುನೀರಲ್ಲಿ ಮೂಗು ತೊಳೆದು, ಸ್ಪ್ರೇ ಹೊಡೆದುಕೊಂಡು, ಕೆಲಸಕ್ಕೆ ಕೂತೆ. ಅತ್ತೆ ಎದುರಿಗೆ ಕುರ್ಚಿ ಹಾಕಿಕೊಂಡರು.

“ಟೋಪಿ ಎಲ್ಲಿ?”

“ಆಪರೇಷನ್ನೇ ಆಗಲಿಲ್ಲವಲ್ಲ ಅತ್ತೆ.”

“ಅದು ಈಗ ಗಾಳಿ ಒಳಗೆ ಹೋಗದಿರೋಕಲ್ಲ. ಗಡಿಯಾರ ಒಳಗೆ ಹೋಗದಿರೋಕೆ.”

ಹಾಕಿಕೊಂಡೆ. ಮೂಗಿಗೆ ಟೋಪಿ, ಕಣ್ಣಿಗೆ ಭೂತಗನ್ನಡಿ. ಕನ್ನಡಿ ನೋಡಿಕೊಳ್ಳುವ ಧೈರ್ಯ ಮಾಡಲಿಲ್ಲ. ಮೂರು ಸಲ ತೊಳೆದ ಕಲ್ಲನ್ನು ಅದರ ಜಾಗದಲ್ಲಿ ಕೂರಿಸಿ, ಚಕ್ರ ಇಟ್ಟು, ತಿರುಪು ಬಿಗಿದು, ಕೀಲಿ ಕೊಟ್ಟೆ. ಟಿಕ್ ಎಂದಿತು. ಟಿಕ್ ಟಿಕ್ ಎಂದಿತು. ಅತ್ತೆ ಎರಡೂ ಕೈಯಲ್ಲಿ ತೆಗೆದುಕೊಂಡು ಕಿವಿಗೆ ಹಿಡಿದು ಕಣ್ಣು ಮುಚ್ಚಿದರು. ಒಂದು ನಿಮಿಷವಲ್ಲ, ಐದು ನಿಮಿಷ. ಬಾಗಿಲಲ್ಲಿ ಹೆಂಡತಿ ಬ್ಯಾಗು ಹೆಗಲಿಗೆ ಹಾಕಿಕೊಂಡು ನಿಂತಿದ್ದವಳು ಡಿಪೋಗೆ ಹೊತ್ತಾದರೂ ಹೊರಡಲಿಲ್ಲ. ನಾನು ಉಸಿರು ಬಿಗಿಹಿಡಿದಿದ್ದೆ.

“ಅದೇ ಸದ್ದು,” ಎಂದರು ಅತ್ತೆ ಕೊನೆಗೆ. ಕಣ್ಣು ಒರೆಸಿಕೊಂಡು, ಮತ್ತೊಂದು ಸಲ ಕೇಳಿ, “ಸ್ವಲ್ಪ ನೆಗಡಿ ಆದ ಹಾಗಿದೆ,” ಎಂದರು.

ಶನಿವಾರ ಹಲಗೆ ಇಳಿಸಿ ಅಂಗಡಿ ತೆರೆದೆ. ಹತ್ತು ಗಂಟೆಗೆ ಸರಿಯಾಗಿ ಲೆಕ್ಕದ ಮೇಷ್ಟ್ರು, ಕೈಯಲ್ಲಿ ಕೊಡೆ. ಅವರ ಹಿಂದೆ ಹಳೆಯ ಗಿರಾಕಿಗಳು ಇನ್ನೂ ನಾಲ್ವರು, ಸಾಲಾಗಿ. ಬೀದಿಯ ಮೆಟ್ಟಿಲ ಮೇಲೆ ಕೂತು ಅತ್ತೆ ವಾರವಿಡೀ ಬಂದವರಿಗೆಲ್ಲ ನನ್ನ ಆಪರೇಷನ್ನಿನ ಕಥೆ ಹೇಳಿದ್ದಾರೆಂದು ನನಗೆ ಹೇಗೆ ಗೊತ್ತಾಗಬೇಕು?

“ಮೂಗು ಹೇಗಿದೆ?” ಎಂದರು ಮೇಷ್ಟ್ರು.

“ಸಲೀಸಾಗಿದೆ ಮೇಷ್ಟ್ರೇ!”

“ಸಂತೋಷ. ನನ್ನ ಗಡಿಯಾರದ ಪಾರ್ಟು ಬಂತಾ?”

ಎರಡು ವರ್ಷದ ಅಭ್ಯಾಸ, ನಾಲಿಗೆ ಹೊರಟೇಬಿಟ್ಟಿತು. “ಅದು ಹೊರಗಿಂದ…” ಹಿಂದೆ ಅತ್ತೆಯ ಹೆಣಿಗೆಯ ಕಡ್ಡಿಗಳ ಸದ್ದು ನಿಂತಿತು. ನಾನು ಬಾಯಿ ಮುಚ್ಚಿಕೊಂಡೆ.

ಮೇಷ್ಟ್ರು ಕೊಡೆಯನ್ನು ಗೋಡೆಗೆ ಒರಗಿಸಿ, ಕನ್ನಡಕ ಸರಿಪಡಿಸಿಕೊಂಡು, ಬೆಂಚಿನ ಮೇಲೆ ಬಗ್ಗಿ ನನ್ನ ಮೂಗನ್ನು ಬಹಳ ಹೊತ್ತು ಪರೀಕ್ಷಿಸಿದರು.

“ನಿಮ್ಮ ಮಾವನವರದು ಬಲಗಡೆ ಸಿಕ್ಕಿತಂತೆ,” ಎಂದರು. “ಎಡಗಡೆ ಒಂದು ಸಲ ನೋಡಿಸಿದ್ರಾ?”